ಬೇಲಿ ಇಲ್ಲದ ಮರ

ನಮ್ಮ ಕೆರಾಬಿನ್ ಊರಿನ ಶೆಡ್ಡಿನ ಬಾಗಿಲ ಮೇಲೆ ಒಂದು ಹಲಗೆ ಇದೆ. ‘ಹೆಸರಿಲ್ಲದ್ದು ಶೆಡ್ಡಿನದು’ ಎಂದು ಕೆಂಪು ಬಣ್ಣದಲ್ಲಿ ಬರೆದಿದೆ. ಬರೆದವನು ನೆವಿಲ್ ಟ್ರೆಗಿಯರ್, ನಮ್ಮೆಲ್ಲರ ಬಾಯಲ್ಲಿ ನೆವ್. ಅವನು ಬರೆಯುವಾಗ ಏಣಿ ಹಿಡಿದುಕೊಂಡು ನಿಂತವಳು ನಾನು. ಅವತ್ತೇ ಏಣಿ ಅಲ್ಲಾಡಿಸಿ ಅವನನ್ನು ಬೀಳಿಸಿಬಿಟ್ಟಿದ್ದರೆ ಚೆನ್ನಾಗಿತ್ತು ಎಂದು ಈಗ ಎಷ್ಟೋ ಸಲ ಅನಿಸುತ್ತದೆ.

ಶೆಡ್ಡು ಅಂದರೆ ನಿವೃತ್ತರಾದ ಗಂಡಸರು ಹೆಂಡತಿಯರ ಕಾಲಿಗೆ ಅಡ್ಡ ಸಿಗದಿರಲಿ ಎಂದು ಹಳೆಯ ಬೆಣ್ಣೆ ಕಾರ್ಖಾನೆಯ ಹಿಂದೆ ಮಾಡಿಕೊಂಡ ಜಾಗ. ಗರಗಸ, ಮರವನ್ನು ತಿರುಗಿಸಿ ಕಡೆಯುವ ಲೇತು, ಕೊರೆಯುವ ಯಂತ್ರ, ಚಹಾದ ಕೆಟಲ್, ಬಿಸ್ಕತ್ತಿನ ಡಬ್ಬ, ಜೊತೆಗೆ ಮುಗಿಯದ ಜಗಳ. ಹೆಂಗಸರಿಗೆ ಬುಧವಾರ ಮಾತ್ರ ಪ್ರವೇಶ ಎಂದು ನಿಯಮ. ನಾನು ಎಲ್ಲ ದಿನವೂ ಹೋಗುತ್ತಿದ್ದೆ. ಇವರ ಮಕ್ಕಳನ್ನೆಲ್ಲ ಸ್ಕೂಲ್ ಬಸ್ಸಿನಲ್ಲಿ ಸಾಗಿಸಿ, ಅವರ ವಾಂತಿ ತೊಳೆದವಳನ್ನು ಬಾಗಿಲಲ್ಲಿ ತಡೆಯುವ ಧೈರ್ಯ ಯಾರಿಗಿದೆ? “ಡಾಟ್ ಬಂದ್ಳು, ಇನ್ನು ಪೋಲಿ ಜೋಕು ಸಾಕು ಮಾಡ್ರಪ್ಪಾ” ಎನ್ನುತ್ತಿದ್ದರು, ಅಷ್ಟೇ.

ನೆವ್ ಅದೇ ಕಾರ್ಖಾನೆಯಲ್ಲಿ ಯಂತ್ರ ರಿಪೇರಿ ಮಾಡುತ್ತಿದ್ದವನು. ಮೊದಲು ಕಾರ್ಖಾನೆ ಮುಚ್ಚಿತು, ಆಮೇಲೆ ಹೆಂಡತಿ ಜಾಯ್ಸ್ ತೀರಿಕೊಂಡಳು. ಮಕ್ಕಳಿರಲಿಲ್ಲ. ಉಳಿದವರು ತಾಯಿ ಇಲ್ಮಾ ಒಬ್ಬರೇ. ತೊಂಬತ್ತು ದಾಟಿತ್ತು, ಕಣ್ಣು ಮಂಜಾಗಿತ್ತು, ನಾಲಿಗೆ ಮಾತ್ರ ಇನ್ನೂ ಉಳಿಯ ಬಾಯಿಯಷ್ಟು ಹರಿತ. ಊರಂಚಿನ ವೃದ್ಧಾಶ್ರಮದಲ್ಲಿದ್ದರು. ನೆವ್ ದಿನವೂ ಚಹಾದ ಹೊತ್ತಿಗೆ ಅವರ ಬಳಿ ಹೋಗಿ ಕೂರುತ್ತಿದ್ದ. ಮಿಕ್ಕ ಹೊತ್ತೆಲ್ಲ ಲೇತಿನ ಮುಂದೆ.

ಅವನು ಕಡೆಯುತ್ತಿದ್ದದ್ದು ಪೆನ್ನು. ಅದರ ಸಾಮಾನೆಲ್ಲ ಪುಟ್ಟ ಪ್ಲಾಸ್ಟಿಕ್ ಚೀಲದಲ್ಲಿ ಹೊರದೇಶದಿಂದ ಬರುತ್ತದೆ: ತುದಿ, ಕ್ಲಿಪ್ಪು, ರೀಫಿಲ್ಲು, ಹಿತ್ತಾಳೆಯ ಕೊಳವೆ. ನಾವು ಮಾಡುವುದಿಷ್ಟೇ. ಬೆರಳುದ್ದದ ಮರದ ತುಂಡಿಗೆ ತೂತು ಕೊರೆದು, ಕೊಳವೆಯನ್ನು ಅಂಟಿಸಿ, ಲೇತಿಗೆ ಏರಿಸಿ ಉಳಿಯಿಂದ ಸವರಿ, ಉಪ್ಪುಕಾಗದದಲ್ಲಿ ಉಜ್ಜಿ, ಎರಡು ಕಡೆಯಿಂದ ಸಾಮಾನು ಒತ್ತಿ ಕೂರಿಸುವುದು. “ಕೈಯಲ್ಲಿ ಮಾಡಿದ ಪೆನ್ನು ಅಂತೀಯಲ್ಲೋ, ನಿನ್ನ ಕೈದು ಇದರಲ್ಲಿ ಎಷ್ಟಿದೆ?” ಎಂದು ನಾನು ಕೆಣಕುತ್ತಿದ್ದೆ. “ಹಿಡ್ಕೊಳೋ ಜಾಗ ನಂದು ಕಣೇ” ಎನ್ನುತ್ತಿದ್ದ. ಶನಿವಾರದ ಸಂತೆಯಲ್ಲಿ ಅವು ಚೆನ್ನಾಗಿಯೇ ಹೋಗುತ್ತಿದ್ದವು. ಕೊಂಡವರು ಯಾರೂ ಅದರಲ್ಲಿ ಬರೆಯುತ್ತಿರಲಿಲ್ಲ ಅನ್ನುವುದು ಬೇರೆ ಮಾತು. ಮಖಮಲ್ಲಿನ ಪೆಟ್ಟಿಗೆಯೊಳಗೆ ಇಟ್ಟು ಮೇಜಿನ ಖಾನೆಗೆ ತಳ್ಳುತ್ತಿದ್ದರು.

ಮಾತು ಕಡಿಮೆ, ಹಠ ಜಾಸ್ತಿ, ಇದು ನೆವ್‌ನ ಜಾತಕ. ಹಲಗೆಯ ನಿಯಮವೂ ಅವನ ಹಠದ್ದೇ. ಶೆಡ್ಡಿನಲ್ಲಿ ಎಲ್ಲರೂ ಮುರಿದ ಕುರ್ಚಿ, ಅರ್ಧ ಹಲಗೆ, ಬೇಡದ ಮರ ತಂದು ಒಟ್ಟುತ್ತಿದ್ದರು, ಕೇಳಿದರೆ “ಅದು ನಂದು, ಮುಟ್ಟಬೇಡ.” ಕಾಲಿಡಲು ಜಾಗವಿಲ್ಲದಾದಾಗ ನೆವ್ ಹಲಗೆ ಬರೆದ. ಸೀಮೆಸುಣ್ಣದಲ್ಲೋ ಪೆನ್ಸಿಲ್ಲಿನಲ್ಲೋ ಗುರುತಿಲ್ಲದ ಯಾವ ಮರವೂ ಶುಕ್ರವಾರ ಗುಡಿಸುವ ಹೊತ್ತಿಗೆ ಎಲ್ಲರದ್ದಾಗುತ್ತಿತ್ತು. ಮೊದಲ ಬಲಿ ಟೆರ್ರಿ. ಟೆರ್ರಿ ಬದುಕೆಲ್ಲ ಬೀರು, ಮೇಜು ಮಾಡಿದ ಬಡಗಿ. ಅವನು ಮಗಳ ಮನೆಗೆಂದು ತಂದಿಟ್ಟಿದ್ದ ಅಕ್ರೋಟಿನ ಹಲಗೆಗೆ ಹೆಸರು ಬರೆಯಲು ಮರೆತಿದ್ದ. ನೆವ್ ಅದನ್ನು ಕಡೆದು ಬಟ್ಟಲು ಮಾಡಿಬಿಟ್ಟ. ಟೆರ್ರಿ ಕಣ್ಣಲ್ಲಿ ನೀರು ಹಾಕುವುದೊಂದು ಬಾಕಿ. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನೆವ್ ನಗಲಿಲ್ಲ, ಬಾಗಿಲ ಮೇಲೆ ಬೆರಳು ತೋರಿಸಿದ, ಅಷ್ಟೇ.

ಈಗ ಮರಗಳ ವಿಷಯ. ಊರೊಳಗೆ ಬರುವ ರಸ್ತೆಯ ಎರಡೂ ಬದಿಗೆ ಎಲ್ಮ್ ಮರದ ಸಾಲಿತ್ತು. ಮೊದಲ ಮಹಾಯುದ್ಧಕ್ಕೆ ಹೋಗಿ ಮರಳದ ನಮ್ಮೂರ ಹುಡುಗರಿಗೆ ತಲಾ ಒಂದು ಮರ. ಪ್ರತಿ ಮರದ ಬುಡದಲ್ಲಿ ಹಿತ್ತಾಳೆಯ ಫಲಕ, ಫಲಕದಲ್ಲಿ ಹೆಸರು, ನಂಬರು. ಸಸಿಯಾಗಿದ್ದಾಗ ದನ ಕುರಿ ಬಾಯಿ ಹಾಕದಂತೆ ಸುತ್ತ ಮರದ ಬೇಲಿ. ಒಂದನೇ ನಂಬರು ಸೆಸಿಲ್ ಬ್ರ್ಯಾಡ್‌ಲಾನದು. ಅವರಪ್ಪ ದೊಡ್ಡ ಬ್ರ್ಯಾಡ್‌ಲಾ ಊರಿನ ಅರ್ಧ ಕುರಿಗಳ ಒಡೆಯ, ಮರ ನೆಡುವ ಸಮಿತಿಯ ಯಜಮಾನ.

ಸಾಲು ಮುಗಿದ ಮೇಲೆ, ರಸ್ತೆ ತಿರುಗುವಲ್ಲಿ, ಇನ್ನೊಂದು ಎಲ್ಮ್ ಇತ್ತು. ಫಲಕವಿಲ್ಲ, ನಂಬರಿಲ್ಲ, ಬೇಲಿಯಂತೂ ಇರಲೇ ಇಲ್ಲ. ಅದು ಇಲ್ಮಾ ಅವರ ಅಪ್ಪ ಹೆಡ್ಲಿ ವಾಸ್ಪರ್‌ನ ಮರ.

ಹೆಡ್ಲಿಯೂ ಅದೇ ಯುದ್ಧಕ್ಕೆ ಹೋದವನು, ಆದರೆ ವಾಪಸು ಬಂದ. ಬಂದದ್ದೇ ತಪ್ಪಾಯಿತು. ವಿಷಗಾಳಿ ಕುಡಿದ ಎದೆ, ನಿದ್ದೆಯಿಲ್ಲದ ಕಣ್ಣು. ಇಲ್ಮಾ ಇನ್ನೂ ಅಂಬೆಗಾಲಿಡುತ್ತಿದ್ದಾಗ ಒಂದು ಬೆಳಿಗ್ಗೆ ಸೈನ್ಯದ ಉದ್ದ ಕೋಟು ತೊಟ್ಟು, ಕುರಿಗಳ ನೀರಿನ ಹೊಂಡದೊಳಕ್ಕೆ ನಡೆದುಕೊಂಡು ಹೋದ. ಅವನ ಹೆಂಡತಿ ಏಡಾ ಸಮಿತಿಯ ಮುಂದೆ ನಿಂತು ಒಂದು ಮರ ಕೇಳಿದಳು. “ಮರ ಸತ್ತವರಿಗೆ, ಸೋತವರಿಗಲ್ಲ” ಅಂದನಂತೆ ದೊಡ್ಡ ಬ್ರ್ಯಾಡ್‌ಲಾ. ಏಡಾ ಮರುದಿನ ಬೆಳಕು ಹರಿಯುವ ಮುಂಚೆ ಒಂದು ಸಸಿ ತಂದು ಸಾಲಿನಾಚೆ ತಾನೇ ನೆಟ್ಟಳು.

ಬೇಲಿ ಇಲ್ಲದ ಮರ. ದನ ಮೈ ಉಜ್ಜಿದವು, ಕುರಿ ತೊಗಟೆ ಕಿತ್ತವು, ತಿರುವಿನಲ್ಲಿ ಗಾಡಿಗಳು ಗುದ್ದಿದವು. ಗಾಯವಾದಲ್ಲೆಲ್ಲ ಮರ ಗಂಟು ಕಟ್ಟಿಕೊಂಡಿತು. ಇಲ್ಮಾ ಶಾಲೆ ಬಿಟ್ಟ ಮೇಲೆ ಬಕೆಟ್ಟಿನಲ್ಲಿ ನೀರು ಹೊತ್ತು ಹಾಕುತ್ತಿದ್ದರಂತೆ; ಹುಡುಗರು ಹಿಂದಿನಿಂದ “ಹೊಂಡದವನ ಮಗಳು” ಎಂದು ಕೂಗುತ್ತಿದ್ದರಂತೆ. “ಆ ಗಂಟುಗಳ ಮೇಲೆ ಕಾಲಿಟ್ಟೇ ನಾನು ಮರ ಹತ್ತೋಕೆ ಕಲಿತದ್ದು ಡಾಟ್. ನಮ್ಮಪ್ಪನ ಹೆಗಲು ಕಂಡಿಲ್ಲ, ಅದನ್ನ ಕಂಡಿದ್ದೀನಿ” ಎಂದು ಒಮ್ಮೆ ನನಗೆ ಹೇಳಿದ್ದರು.

ಯುದ್ಧಕ್ಕೆ ನೂರು ವರ್ಷ ತುಂಬುವ ಸಮಯಕ್ಕೆ ಪುರಸಭೆ ಮರಗಳನ್ನು ಕಡಿಯಲು ಹೊರಟಿತು. ಮುಪ್ಪಾಗಿವೆ, ಕೊಂಬೆ ಬೀಳುತ್ತವೆ, ದೊಡ್ಡ ಲಾರಿಗಳಿಗೆ ರಸ್ತೆ ಸಾಲದು. ಹೊಸ ಸಸಿ ನೆಡುತ್ತೇವೆ, ಹಳೆಯ ಮರದಿಂದ ಪೆನ್ನು ಮಾಡಿಸಿ ಆಯಾ ಮನೆತನಕ್ಕೆ ಅವರವರ ಹುಡುಗನ ಮರದ್ದೇ ಪೆನ್ನು ಕೊಡುತ್ತೇವೆ, ಅದೂ ಏಪ್ರಿಲ್‌ನಲ್ಲಿ, ಯುದ್ಧದಲ್ಲಿ ಮಡಿದವರನ್ನು ನೆನೆಯುವ ಆನ್ಜಾಕ್ ದಿನ ಬೆಳಿಗ್ಗೆ ಹೆಸರು ಕರೆದು, ಅಂದರು. ಕೆಲಸ ಶೆಡ್ಡಿಗೆ ಬಂತು. ಶೆಡ್ಡಿನ ಅಧ್ಯಕ್ಷ, ಮಾಜಿ ಸೈನಿಕರ ಸಂಘದ ಅಧ್ಯಕ್ಷ, ಎರಡೂ ಕೋಲಿನ್ ಬ್ರ್ಯಾಡ್‌ಲಾನೇ. ದೊಡ್ಡ ಬ್ರ್ಯಾಡ್‌ಲಾನ ಮೊಮ್ಮಗ, ಸೆಸಿಲ್‌ನ ತಮ್ಮನ ಮಗ. ಕೆಟ್ಟವನು ಅಂತ ನಾನು ಹೇಳುವುದಿಲ್ಲ. ಯಾರ ಮನೆಯಲ್ಲಿ ಸಾವಾದರೂ ಮೊದಲು ಬಂದು ಕುರ್ಚಿ ಹಾಕುವವನು ಅವನೇ. ಆದರೆ ಊರು ತನ್ನ ಅಜ್ಜನ ಅಂಗಳ ಅನ್ನುವ ಭಾವನೆ ಅವನ ಮೂಳೆಯಲ್ಲೇ ಇತ್ತು.

ನೆವ್ ಪುರಸಭೆಯ ಮೇಸ್ತ್ರಿಯ ಕಾಲು ಹಿಡಿಯುವುದೊಂದು ಬಾಕಿ, ತಿರುವಿನ ಮರದ್ದೂ ಒಂದು ಗಂಟು ಕತ್ತರಿಸಿ ತರಿಸಿಕೊಂಡ. ಪ್ರತಿ ಮರದಿಂದಲೂ ಒಂದೊಂದು ಮೋಟು ತುಂಡು ಮಾತ್ರ ಶೆಡ್ಡಿಗೆ ಬಂತು. ಉಳಿದದ್ದನ್ನೆಲ್ಲ ಯಂತ್ರಕ್ಕೆ ಹಾಕಿ ಪುಡಿ ಮಾಡಿ ಮಕ್ಕಳ ಆಟದ ಮೈದಾನಕ್ಕೆ ಸುರಿದರು.

ಅವತ್ತು ವೃದ್ಧಾಶ್ರಮದಲ್ಲಿ ನಾನೂ ಇದ್ದೆ. ನೆವ್ ತಾಯಿಯ ಕೈ ಹಿಡಿದುಕೊಂಡು ಹೇಳಿದ:

“ಅಮ್ಮಾ, ಏಪ್ರಿಲ್‌ನಲ್ಲಿ ತಾತನ ಮರದ್ದೊಂದು ಪೆನ್ನು ನಿನ್ನ ಕೈಗೆ ಬರುತ್ತೆ.”

“ಇಲ್ಲಿಗೇ ತಂದು ಕೊಡ್ತೀಯೋ, ಎಲ್ಲರ ಮುಂದೆ ಕೊಡ್ತಾರೋ?”

“ಎಲ್ಲರ ಮುಂದೆ.”

“ಹೆಸರು ಕರೀತಾರಾ?”

ನೆವ್ ಸ್ವಲ್ಪ ತಡೆದ. “ಕರೀತಾರೆ.”

“ಹಾಗಿದ್ರೆ ಅಲ್ಲೀವರೆಗೂ ಸಾಯಲ್ಲ ಬಿಡು” ಅಂದರು ಇಲ್ಮಾ. ನರ್ಸನ್ನು ಕರೆದು, ನೀಲಿ ಉಡುಪನ್ನು ಒಗೆದು ಇಸ್ತ್ರಿ ಮಾಡಿಸಿಡಲು ಆಗಲೇ ಹೇಳಿದರು.

ಆಚೆ ಬಂದ ಮೇಲೆ ನಾನು ಅವನನ್ನು ಹಿಡಿದುಕೊಂಡೆ. “ಕೋಲಿನ್ ಒಪ್ಪಿದ್ದಾನೇನೋ?” “ನೋಡೋಣ ಅಂದಿದ್ದಾನೆ” ಅಂದ. ಬ್ರ್ಯಾಡ್‌ಲಾಗಳ ‘ನೋಡೋಣ’ ಅಂದರೆ ಏನು ಅಂತ ಈ ಊರಲ್ಲಿ ಹುಟ್ಟಿದ ನಾಯಿಗೂ ಗೊತ್ತು. ನೆವ್ ಮಾತ್ರ ನಂಬಿದ.

ಮೋಟುಗಳು ತಿಂಗಳುಗಟ್ಟಲೆ ಅಟ್ಟದಲ್ಲಿ ಒಣಗಿದವು. ಫೆಬ್ರವರಿಯ ಕೊನೆಗೆ, ನಮ್ಮಲ್ಲಿ ಬೇಸಿಗೆ ಮುಗಿಯುವಾಗ, ಕೊಯ್ದು ಪೆನ್ನಿನ ತುಂಡು ಮಾಡಿದೆವು. ಪ್ರತಿ ತುಂಡಿಗೂ ಮರದ ನಂಬರನ್ನು ಪೆನ್ಸಿಲ್ಲಿನಲ್ಲಿ ಬರೆದು, ಮೊಟ್ಟೆಯ ಟ್ರೇಗಳಲ್ಲಿ ನಂಬರಿನ ಪ್ರಕಾರ ಜೋಡಿಸಿಟ್ಟೆವು. ಎಲ್ಮ್ ಸಾಮಾನ್ಯ ಮರ, ಕಂದು ಬಣ್ಣ, ನೇರ ಗೆರೆ. ಆದರೆ ಹೆಡ್ಲಿಯ ಗಂಟನ್ನು ಕೊಯ್ದಾಗ, ಟೆರ್ರಿಯೊಬ್ಬ ಅವತ್ತು ಬಂದಿರಲಿಲ್ಲ, ಶೆಡ್ಡಿನಲ್ಲಿದ್ದವರೆಲ್ಲ ಕೈಕೆಲಸ ಬಿಟ್ಟು ಬಂದು ನೋಡಿದರು. ಒಳಗೆಲ್ಲ ಸುಳಿ, ಸುಳಿಯೊಳಗೆ ಕಣ್ಣು, ಜೇನಿನ ಬಣ್ಣದಿಂದ ಹಿಡಿದು ಒಣರಕ್ತದ ಬಣ್ಣದವರೆಗೆ. ಪೆನ್ನು ಕಡೆಯುವವರು ಇಂಥ ಗಂಟಿಗಾಗಿ ಪ್ರಾಣ ಬಿಡುತ್ತಾರೆ. ಬೇಲಿಯೊಳಗೆ ಸುಖವಾಗಿ ಬೆಳೆದ ಯಾವ ಮರದಲ್ಲೂ ಅದು ಇರಲಿಲ್ಲ. ಬಿರುಕು ಬಿಟ್ಟದ್ದನ್ನು ತೆಗೆದರೆ ಹತ್ತಕ್ಕೂ ಕಡಿಮೆ ತುಂಡು ಸಿಕ್ಕವು. ನೆವ್ ಅವನ್ನು ಪಾತ್ರೆ ಒರೆಸುವ ಬಟ್ಟೆಯಲ್ಲಿ ಸುತ್ತಿ ತನ್ನ ಲೇತಿನ ಕೆಳಗಿಟ್ಟ.

“ಅದಕ್ಕೂ ಏನಾದ್ರೂ ಬರಿಯೋ” ಅಂದೆ.

“ಏನು ಬರೀಲಿ? ಅವರು ನಂಬರ್ ಕೊಟ್ಟಿದ್ರಾ?”

“ಹೆಸರಾದ್ರೂ ಬರಿ. ನಿನ್ನ ಹೆಸರೇ ಬರಿ.”

“ನಂದೇನಲ್ಲ ಅದು. ಇಡೀ ಸಾಲಲ್ಲಿ ನಂಬರಿಲ್ಲದ್ದು ಅದೊಂದೇ ಡಾಟ್. ಅದೇ ಅದರ ಗುರುತು. ಕಣ್ಣಿರೋ ಯಾವನಿಗಾದ್ರೂ ಗೊತ್ತಾಗುತ್ತೆ.”

ಹಠ ಅಂದೆನಲ್ಲ. ಪೆನ್ಸಿಲ್ಲು ಅವನ ಕಿವಿಯ ಮೇಲೇ ಇತ್ತು.

ಮಾರ್ಚಿನಲ್ಲಿ ಇಲ್ಮಾ ಅವರಿಗೆ ಎದೆಯಲ್ಲಿ ಕಫ ಕಟ್ಟಿ ಉಸಿರಾಟ ಕಷ್ಟವಾಯಿತು. ನಾನೇ ಕಾರು ಓಡಿಸಿಕೊಂಡು ತಾಯಿ ಮಗ ಇಬ್ಬರನ್ನೂ ಬ್ಯಾಲರಟ್ ಆಸ್ಪತ್ರೆಗೆ ಕರೆದೊಯ್ದೆ. ಅವರು ಸುಧಾರಿಸುವವರೆಗೂ ನಾವು ಅಲ್ಲೇ ಉಳಿದೆವು. ಆ ನಡುವೆ ಶೆಡ್ಡಿನಲ್ಲಿ ಒಂದು ಶುಕ್ರವಾರ ಕಳೆಯಿತು.

ಒಂದನೇ ನಂಬರಿನ ಮರ, ಸೆಸಿಲ್‌ನದು, ಒಳಗೊಳಗೇ ಕೊಳೆತಿತ್ತು, ಕೊಯ್ಯುವಾಗ ಗೊತ್ತಾಗಿರಲಿಲ್ಲ. ಊರಿಗೆ ಕಾಲಿಡುವಲ್ಲೇ ಇದ್ದ ಮರ. ಬುಡದವರೆಗೂ ಡಾಂಬರು ಹಾಕಿ ಅದರ ಉಸಿರು ಕಟ್ಟಿಸಿದ್ದರು. ಟೆರ್ರಿ ಕೊರೆಯಲು ಹೋದರೆ ತುಂಡುಗಳು ನೆನೆದ ಬಿಸ್ಕತ್ತಿನ ಹಾಗೆ ಉದುರಿದವು. ಬ್ರ್ಯಾಡ್‌ಲಾ ಮನೆತನ ದೊಡ್ಡದು, ಮೆಲ್ಬರ್ನ್‌ನಿಂದ ಮಕ್ಕಳು ಮೊಮ್ಮಕ್ಕಳೆಲ್ಲ ಬರುವವರಿದ್ದರು, ತಲೆಗೊಂದು ಪೆನ್ನು ಬೇಕಿತ್ತು. ಕೋಲಿನ್ ತಲೆ ಮೇಲೆ ಕೈ ಹೊತ್ತು ಕೂತಿದ್ದ. ಗುಡಿಸುತ್ತಿದ್ದ ಟೆರ್ರಿಗೆ ಲೇತಿನ ಕೆಳಗಿನ ಬಟ್ಟೆಯ ಗಂಟು ಸಿಕ್ಕಿತು. ಬಿಚ್ಚಿ ನೋಡಿದ. ಹೆಸರಿಲ್ಲ, ನಂಬರಿಲ್ಲ.

ನಾವು ವಾಪಸು ಬಂದಾಗ ಅಷ್ಟೂ ತುಂಡುಗಳು ಒಂದನೇ ನಂಬರಿನ ಟ್ರೇಯಲ್ಲಿದ್ದವು. ಕೊರೆದು, ಕೊಳವೆ ಅಂಟಿಸಿ, ಮೈಮೇಲೆ ಟೆರ್ರಿಯ ದುಂಡು ಬರಹದಲ್ಲಿ ‘1’.

“ಇವು ಯಾವು ಟೆರ್ರಿ?” ನೆವ್‌ನ ದನಿ ಮೆತ್ತಗಿತ್ತು. ಅವನ ದನಿ ಮೆತ್ತಗಾದರೆ ನನಗೆ ಹೆದರಿಕೆ.

“ನಿನ್ನ ಲೇತಿನ ಕೆಳಗಿದ್ದವು ಕಣಯ್ಯ. ಒಂದು ಮನೆಗೆ ಸೆಟ್ ಅಂದ್ಮೇಲೆ ಎಲ್ಲ ಒಂದೇ ಥರ ಇರಬೇಕಲ್ಲ, ಇವೇ ಇದ್ದದ್ದು. ಎಂಥಾ ಮರ ಮಾರಾಯಾ! ಬೀರು ಮಾಡೋಷ್ಟು ಇದ್ದಿದ್ರೆ...”

“ಅದು ನಮ್ಮಜ್ಜನ ಮರ.”

ಟೆರ್ರಿಯ ಮುಖ ಬಿಳುಚಿತು. ಆದರೆ ಅಕ್ರೋಟಿನ ಹಲಗೆ ಅವನ ಹೊಟ್ಟೆಯೊಳಗೆ ಇಷ್ಟು ವರ್ಷ ಕೂತಿತ್ತಲ್ಲ. ಅವನ ಕೈ ತಾನಾಗಿ ಮೇಲೆದ್ದು ಬಾಗಿಲ ಹಲಗೆಯನ್ನು ತೋರಿಸಿತು. “ಹೆಸರೆಲ್ಲಿ ಬರ್ದಿದ್ದೆ ನೀನು?” ಅಂದ.

ನೆವ್ ಹಲಗೆಯನ್ನು ನೋಡಿದ. ತನ್ನ ಅಕ್ಷರವನ್ನು ತಾನೇ ಮೊದಲ ಸಲ ಓದುವವನ ಹಾಗೆ ನೋಡಿದ. ಕೆರಾಬಿನ್‌ನಲ್ಲಿ ಯಾರೂ ಅವನಿಗೆ ಅಷ್ಟು ಪೆಟ್ಟು ಕೊಟ್ಟಿರಲಿಲ್ಲ, ಕೊಟ್ಟದ್ದು ಅವನದೇ ಕೈಬರಹ.

ಕೋಲಿನ್‌ನ ಬಳಿ ಹೋದೆವು. ಸಂಘದ ಕಚೇರಿಯಲ್ಲಿ ಅವನು ಧ್ವಜ ಮಡಚುತ್ತಿದ್ದ.

“ಎಲ್ಲ ಕೇಳ್ತಿಲ್ಲ ಕೋಲ್. ಒಂದು. ನಮ್ಮಮ್ಮನಿಗೆ ಒಂದು ಕೊಡು, ಹೆಸರು ಕರೆದು ಕೊಡು” ಅಂದ ನೆವ್.

“ಸೆಸಿಲ್ ದೊಡ್ಡಪ್ಪನ ಮರ ಕೊಳೆತುಹೋಗಿತ್ತು ಅಂತ ನಮ್ಮೋರಿಗೆಲ್ಲ ನಾನು ಹೇಗೆ ಹೇಳಲಿ? ಪತ್ರಿಕೆಯವರು ಬಂದು ಆ ತುಂಡುಗಳ ಫೋಟೋ ತೆಗ್ದಾಯ್ತು. ತಲೆ ಲೆಕ್ಕಕ್ಕೆ ಸರಿಯಾಗಿದಾವೆ ನೆವ್, ಒಂದೂ ಹೆಚ್ಚಿಲ್ಲ.”

“ನಂಗೆ ಗೊತ್ತಿರೋ ಪ್ರಕಾರ ಅದು ಸೆಸಿಲ್ ಅಲ್ಲ.”

“ನಿಂಗೆ ಗೊತ್ತು, ನಂಗೆ ಗೊತ್ತು. ಬೇರೆಯವರಿಗೆ ಯಾಕೆ?” ಕೋಲಿನ್ ಧ್ವಜವನ್ನು ಕಪಾಟಿನಲ್ಲಿಟ್ಟು ತಿರುಗಿದ. “ಹೆಸರಿನ ಮಾತು ಬೇರೆ ಇದೆ. ಸ್ಮಾರಕದ ಕಲ್ಲಿನ ಮೇಲೆ ಯಾರ ಹೆಸರಿದೆಯೋ ಅವರದ್ದೇ ಕರೆಯೋದು. ಇದು ನಾನು ಮಾಡಿದ್ದಲ್ಲ, ಮೊದಲಿಂದ ಇರೋದು. ನಿನ್ನ ತಾಯಿ ಮೇಲೆ ನಂಗೆ ಗೌರವ ಇಲ್ವಾ? ಮೊದಲ ಸಾಲಲ್ಲಿ ಕುರ್ಚಿ ಹಾಕಿಸ್ತೀನಿ.”

“ಕುರ್ಚಿ ಯಾರಿಗೆ ಬೇಕಿತ್ತು ಕೋಲಿನ್? ನಿಮ್ಮಜ್ಜ ಆ ಮನುಷ್ಯನನ್ನ ಸಾಲಿಂದ ಆಚೆ ಹಾಕಿದ. ನೀನು ಅವನನ್ನ ನಿಮ್ಮ ಮನೇವರ ಜೇಬಿಗೆ ಹಾಕ್ತಿದೀಯಲ್ಲ, ನಾಚಿಕೆ ಆಗಲ್ವಾ?” ಅಂದುಬಿಟ್ಟೆ. ಕೋಲಿನ್ ಕೆಂಪಗಾಗಿ ಕಪಾಟಿಗೆ ಬೀಗ ಹಾಕಿದ. ನೆವ್ ನನ್ನ ತೋಳು ಹಿಡಿದು ಆಚೆ ಎಳೆದುಕೊಂಡು ಬಂದ.

“ಒಂದು ಒಡೆದುಹೋಯ್ತು ಅಂತ ಹೇಳಿ ಎತ್ತಿಟ್ಕೋ. ಲೇತು ನಿನ್ನ ಕೈಲಿದೆ, ಯಾರು ಕೇಳ್ತಾರೆ?” ಅಂದೆ ದಾರಿಯಲ್ಲಿ.

“ನಮ್ಮಜ್ಜಿ ಆ ಮರಾನ ಕಳ್ಳಿ ಥರ ಬೆಳಕು ಹರಿಯೋ ಮುಂಚೆ ನೆಡಬೇಕಾಯ್ತು. ನಾನೂ ಅದನ್ನ ಕದ್ದೇ ಮನೆಗೆ ತರಲಾ? ಎಲ್ಲರ ಮುಂದೆ ಕೊಡ್ತಾರೆ ಅಂತ ಅಮ್ಮನಿಗೆ ಹೇಳಿದ್ದೀನಿ ಕಣೇ.”

ಕಡೆಯಲೂ ಅವನೇ ಬೇಕಿತ್ತು. ಗಂಟಿನ ಮರ ಕಡೆಯುವುದು ಎಲ್ಲರ ಕೈಯಲ್ಲಿ ಆಗುವುದಿಲ್ಲ. ಉಳಿ ಸ್ವಲ್ಪ ಅತ್ತಿತ್ತ ಆದರೆ ಚಕ್ಕೆ ಕಿತ್ತು ಮುಖಕ್ಕೆ ಹಾರುತ್ತದೆ. “ನಾನು ಮಾಡಲ್ಲ ಅಂದ್ಬಿಡು” ಎಂದು ಅಂಗಲಾಚಿದೆ. “ಟೆರ್ರಿ ಮಾಡಿದ್ರೆ ಅರ್ಧ ಒಡೆದು ಕಸಕ್ಕೆ ಹಾಕ್ತಾನೆ” ಅಂದ. ಸರಿ, ಕೂತ. ನಾನು ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತೆ. ಟೆರ್ರಿ ಬರೆದ ‘1’ ಮೊದಲ ಸವರಿಗೇ ಹಾರಿಹೋಯಿತು, ಅದರಡಿಯಿಂದ ಹೆಡ್ಲಿ ಎದ್ದು ಬಂದ. ಒಂದೇ ಒಂದು ಚಕ್ಕೆಯೂ ಹಾರಲಿಲ್ಲ. ಪೆನ್ನಿನ ಮೈಗೆ ಎಣ್ಣೆ ಹಚ್ಚಿ ಬಿಡುವುದು ಅವನ ರೂಢಿ, ಮರ ಕೈಗೆ ಮರದ ಹಾಗೇ ಸಿಗಬೇಕು ಅನ್ನುತ್ತಿದ್ದ. ಕೋಲಿನ್‌ಗೆ ಹೊಳಪು ಬೇಕಿತ್ತು. ಅದಕ್ಕೆ ಸೂಪರ್ ಗ್ಲೂ ಪದರದ ಮೇಲೆ ಪದರ ಬಳಿದು ಗಾಜಿನ ಹಾಗೆ ಮಾಡಿಕೊಟ್ಟ. ಹೆರೆದ ಸಿಪ್ಪೆಯನ್ನಾದರೂ ಎತ್ತಿಡೋಣ ಎಂದು ನಾನು ಬಗ್ಗಿದರೆ, ಧೂಳು ಎಳೆಯುವ ಯಂತ್ರ ಎಲ್ಲವನ್ನೂ ನುಂಗಿ ಎಲ್ಲರ ಮರದ ಹೊಟ್ಟಿನ ಜೊತೆ ಕಲಸಿಬಿಟ್ಟಿತ್ತು.

ಕೊನೆಯಲ್ಲಿ ನೆವ್ ಇನ್ನೊಂದು ಪೆನ್ನು ಮಾಡಿದ. ಸಾಲಿನಲ್ಲಿ ಒಬ್ಬ ಹುಡುಗನ ಮನೆತನವೇ ಅಳಿದುಹೋಗಿತ್ತು, ಅವನ ಪೆನ್ನು ಕೇಳುವವರಿರಲಿಲ್ಲ. ಅವನ ಮರದ ಸಾದಾ ತುಂಡೊಂದನ್ನು ತೆಗೆದುಕೊಂಡು ಕಡೆದ. ಅದಕ್ಕೆ ಎಣ್ಣೆ ಹಚ್ಚಿದ. ಯಾರಿಗೆ ಅಂತ ನಾನು ಕೇಳಲಿಲ್ಲ.

ಆನ್ಜಾಕ್ ದಿನ ಬೆಳಿಗ್ಗೆ ಹುಲ್ಲೆಲ್ಲ ಒದ್ದೆ. ಇಲ್ಮಾ ನೀಲಿ ಉಡುಪು ತೊಟ್ಟು, ಮೊಣಕಾಲಿಗೆ ಕಂಬಳಿ ಹೊದ್ದು ಗಾಲಿಕುರ್ಚಿಯಲ್ಲಿ ಮೊದಲ ಸಾಲಿನಲ್ಲೇ ಕೂತಿದ್ದರು. ಕೋಲಿನ್ ಮಾತಿಗೆ ತಪ್ಪುವವನಲ್ಲ. ಕಹಳೆ ಊದಿದರು, ಮೌನ ಆಚರಿಸಿದರು, ಹೆಸರು ಕರೆದರು. ಒಂದೊಂದು ಹೆಸರಿಗೂ ಒಬ್ಬರು ಎದ್ದು ಹೋಗಿ ಪೆಟ್ಟಿಗೆ ತೆಗೆದುಕೊಂಡು ಬಂದರು. ಬ್ರ್ಯಾಡ್‌ಲಾ ಮನೆಯವರು ಸಾಲುಗಟ್ಟಿ ಹೋದರು. ಇಲ್ಮಾ ಪ್ರತಿ ಹೆಸರಿಗೂ ತಲೆ ಎತ್ತಿ ಕಿವಿಗೊಡುತ್ತಿದ್ದರು. ಕೊನೆಯ ಹೆಸರಾಯಿತು. ಕೋಲಿನ್ “ಇವರನ್ನು ಮರೆಯುವುದಿಲ್ಲ” ಎಂದು ಹೇಳಿ ಕಾಗದ ಮಡಚಿದ. ಇಲ್ಮಾ ಇನ್ನೂ ತಲೆ ಎತ್ತಿಕೊಂಡೇ ಇದ್ದರು.

ಎಲ್ಲರೂ ಚಹಾಕ್ಕೆ ಎದ್ದರು. ಕೋಲಿನ್ ನೇರ ಅವರ ಬಳಿ ಬಂದ. ಮನಸ್ಸು ಚುಚ್ಚುತ್ತಿತ್ತೋ ಏನೋ, ಅಥವಾ ಪೆನ್ನು ತೋರಿಸುವ ಹುಚ್ಚೋ. ಬಗ್ಗಿ ಅವರ ಕೈಯಲ್ಲಿ ತನ್ನ ಪೆನ್ನಿಟ್ಟ.

“ನೋಡಿ ಮಿಸೆಸ್ ಟ್ರೆಗಿಯರ್, ಸೆಸಿಲ್ ದೊಡ್ಡಪ್ಪನ ಮರ. ನಿಮ್ಮ ಮಗನ ಕೈ ಕೆಲಸ.”

ಇಲ್ಮಾ ಹೆಬ್ಬೆರಳಿನಿಂದ ಅದನ್ನು ತುದಿಯಿಂದ ತುದಿಗೆ ಸವರಿದರು. ನಾನು ಬಾಯಿ ತೆರೆದೆ. ನೆವ್ ಹಿಂದಿನಿಂದ ನನ್ನ ಮಣಿಕಟ್ಟು ಹಿಡಿದ, ಮೂಳೆ ನೋಯುವಷ್ಟು.

“ಗಾಜಿನ ಹಾಗಿದೆಯಲ್ಲಪ್ಪ. ಮರ ಎಲ್ಲಿದೆ ಇದರಲ್ಲಿ?” ಅಂದರು ಇಲ್ಮಾ. “ಇರಲಿ, ಜೋಪಾನ ಮಾಡ್ಕೊ. ನಿಮ್ಮ ಸೆಸಿಲ್ ಒಳ್ಳೆ ಹುಡುಗ ಅಂತಿದ್ಳು ನಮ್ಮಮ್ಮ.” ಪೆನ್ನನ್ನು ಗಾಳಿಯಲ್ಲಿ ಚಾಚಿದರು. ಕೋಲಿನ್ ತೆಗೆದುಕೊಂಡು ಹೋದ.

ಅವನು ದೂರವಾದ ಮೇಲೆ ಕೇಳಿದರು: “ನೆವ್, ನಮ್ಮ ಹೆಸರು ಕರೀಲಿಲ್ಲ ಅಲ್ವಾ? ನಂಗೆ ಕಿವಿ ಕೇಳಿಸಲಿಲ್ವಾ?”

“ಕರೀಲಿಲ್ಲ ಅಮ್ಮ.”

“ಹೂಂ. ಪೆನ್ನಾದ್ರೂ ಇದೆಯಾ?”

ನೆವ್ ಕೋಟಿನ ಜೇಬಿನಿಂದ ಸಾದಾ ಪೆನ್ನು ತೆಗೆದು ಅವರ ಅಂಗೈಯಲ್ಲಿಟ್ಟ. ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದು, ತಿರುಗಿಸಿ ತಿರುಗಿಸಿ ಸವರಿದರು.

“ಇದು ಮರ” ಅಂದರು. ಆಮೇಲೆ, “ಗಂಟು ಎಲ್ಲೋ?”

ನೆವ್ ಬಗ್ಗಿ ಅವರ ಕಂಬಳಿ ಸರಿಮಾಡಿದ. “ಉಜ್ಜಿಬಿಟ್ಟೆ ಅಮ್ಮ.”

ಇಲ್ಮಾ ಅದರ ಮೇಲೆ ಇನ್ನೊಮ್ಮೆ ಹೆಬ್ಬೆರಳು ಎಳೆದರು. “ಅಂತೂ ನಮ್ಮಪ್ಪನನ್ನೂ ಅವರಿಗೆ ಬೇಕಾದ ಹಾಗೆ ನುಣ್ಣಗೆ ಮಾಡಿಬಿಟ್ಟೆ” ಅಂದು ಪೆನ್ನನ್ನು ಕೈಚೀಲಕ್ಕೆ ಹಾಕಿಕೊಂಡರು. “ಮನೆಗೆ ಹೋಗೋಣ, ಚಳಿ.”

ಕಾರಿಗೆ ಅವರನ್ನು ಹತ್ತಿಸಿದ ಮೇಲೆ ನಾನು ನೆವ್‌ನ ಮೇಲೆ ಹರಿಹಾಯ್ದೆ. “ಯಾಕೋ ತಡೆದೆ? ಅದು ಅವರ ಕೈಯಲ್ಲೇ ಇತ್ತಲ್ಲೋ! ಒಂದು ಮಾತು ಹೇಳಿದ್ರೆ ಸಾಕಿತ್ತು.”

“ಹೇಳಿದ್ರೆ ಏನಾಗ್ತಿತ್ತು? ಆ ಮನೆಯವರೆಲ್ಲ ಅದನ್ನ ಮುಟ್ಟೋಕೂ ಹೇಸ್ಕೊಂಡು ಕಸದ ಡಬ್ಬಕ್ಕೆ ಹಾಕ್ತಿದ್ರು. ತಾತನನ್ನ ಒಂದ್ಸಲ ಆಚೆ ಹಾಕಿದ್ದಾರೆ. ಇನ್ನೊಂದ್ಸಲ ಅಮ್ಮನ ಕಣ್ಣೆದುರಿಗೇ ಹಾಕಿಸಲಾ?”

ನಾನು ಕಾರಿನ ಬಾಗಿಲನ್ನು ದಢಾರನೆ ಹಾಕಿದೆ. ಅವನು ಮಾಡಿದ್ದು ಸರಿ ಎಂದು ನಾನು ಇವತ್ತಿಗೂ ಒಪ್ಪಿಲ್ಲ.

ನೆವ್ ಅವತ್ತಿನಿಂದ ಲೇತು ಮುಟ್ಟಲಿಲ್ಲ. ಹಲಗೆಯನ್ನು ತೆಗೆದುಬಿಡುತ್ತೇನೆ ಎಂದು ಟೆರ್ರಿಯೇ ಏಣಿ ಹಾಕಲು ಹೋದ. “ಇರಲಿ ಬಿಡು, ನಿಯಮ ಎಲ್ಲರಿಗೂ ಒಂದೇ” ಅಂದ ನೆವ್. ಹೊಸ ಸಸಿಗಳನ್ನು ನೆಟ್ಟರು, ಫಲಕ ಹಾಕಿದರು, ಈಗ ಬೇಲಿಯ ಬದಲು ಪ್ಲಾಸ್ಟಿಕ್ ಕೊಳವೆ. ತಿರುವಿನಲ್ಲಿ ಡಾಂಬರು ಬಂತು.

ಇಲ್ಮಾ ಆ ಚಳಿಗಾಲದಲ್ಲೇ ಹೋದರು. ಇರುವವರೆಗೂ ಆ ಪೆನ್ನನ್ನು ದಿಂಬಿನ ಕೆಳಗೆ ಇಟ್ಟುಕೊಂಡು, ಬಂದವರಿಗೆಲ್ಲ “ನಮ್ಮಪ್ಪ” ಎಂದು ತೋರಿಸುತ್ತಿದ್ದರಂತೆ. ಅದನ್ನು ಅವರ ಜೊತೆಯೇ ಪೆಟ್ಟಿಗೆಯಲ್ಲಿಟ್ಟರು. ಯಾರೂ ಕೇಳದ ಯಾರೋ ಹುಡುಗ ಈಗ ಅವರ ಪಕ್ಕದಲ್ಲಿ ಮಲಗಿದ್ದಾನೆ.

ಅವರನ್ನು ಮಣ್ಣು ಮಾಡಿದ ದಿನ ಇಗರ್ಜಿಯ ಬಾಗಿಲಲ್ಲಿ, ಬಂದವರು ತಮ್ಮ ಹೆಸರು, ತಾವು ಇಲ್ಮಾ ಅವರಿಗೆ ಏನಾಗಬೇಕು ಎಂದು ಬರೆಯಲು ಒಂದು ಪುಸ್ತಕವಿಟ್ಟಿದ್ದರು. ಕೋಲಿನ್ ಎಲ್ಲರಿಗಿಂತ ಮೊದಲೇ ಬಂದು ಕುರ್ಚಿ ಹಾಕಿಸಿದ್ದ. ಪುಸ್ತಕದ ಮುಂದೆ ನಿಂತು, ಕೋಟಿನ ಒಳಜೇಬಿನಿಂದ ಆ ಗಂಟಿನ ಪೆನ್ನು ತೆಗೆದು ದೊಡ್ಡ ಅಕ್ಷರದಲ್ಲಿ ತನ್ನ ಹೆಸರು ಬರೆದ. ನೆವ್ ಕಡೆದ ಪೆನ್ನಿನಲ್ಲಿ ನಿಜವಾಗಿ ಬರೆಯುವವನು ಈ ಊರಲ್ಲಿ ಅವನೊಬ್ಬನೇ ಇರಬೇಕು. ಪೆನ್ನಿನ ಕಣ್ಣುಗಳೆಲ್ಲ ಬೆಳಕಿಗೆ ಹೊಳೆದವು. ನನ್ನ ಪಕ್ಕದಲ್ಲಿ ನಿಂತಿದ್ದ ನೆವ್ ಮುಂದೆ ಹೋದ.

“ಕೋಲ್, ಒಂದು ನಿಮಿಷ ಕೊಡ್ತೀಯಾ?”

ಕೋಲಿನ್ ಕೊಟ್ಟ. ನೆವ್ ಅದನ್ನು ಬೆರಳುಗಳ ನಡುವೆ ಒಮ್ಮೆ ತಿರುಗಿಸಿದ. ಪುಸ್ತಕದ ಮೇಲೆ ಬಗ್ಗಿ, ಕೋಲಿನ್ ಬ್ರ್ಯಾಡ್‌ಲಾನ ಹೆಸರಿನ ಕೆಳಗೆ, ಬಾಗಿಲ ಹಲಗೆಯ ಮೇಲಿದ್ದ ಅದೇ ನೇರ ಅಕ್ಷರದಲ್ಲಿ ಬರೆದ: ‘ಹೆಡ್ಲಿ ವಾಸ್ಪರ್. ಅಪ್ಪ.’

ಕೋಲಿನ್ ಆ ಸಾಲು ಓದಿದ. ಅವನ ಮುಖದಲ್ಲಿ ಏನೋ ಬಂದು ಹೋಯಿತು. ಆಮೇಲೆ ಕೈ ಚಾಚಿದ.

“ಜೋಪಾನ ಕಣಯ್ಯ” ಅಂದ, “ಅದು ನಮ್ಮ ದೊಡ್ಡಪ್ಪ.”

ನೆವ್ ಪೆನ್ನನ್ನು ತೋಳಿಗೆ ಒರೆಸಿ ವಾಪಸು ಕೊಟ್ಟ.